ಗಾಳಿ ತಂದ ಮಣ್ಣು, ಹೊಳೆ ಒಯ್ದ ಮಣ್ಣು

(ನಮ್ಮೂರಿನ ಓದುಗರ ಕೂಟದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ನಡುವೆ ಕೇಳಿದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಮೊದಲು ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನು ನಾನು. ಅದರಲ್ಲಿ ಎಷ್ಟೋ ವರ್ಷ ಚೀನಾದ ಎರಡು ಪ್ರಾಂತ್ಯಗಳನ್ನು ಒಂದೇ ಅಂದುಕೊಂಡು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಒಂದರ ಹೆಸರು ಶಾನ್‌ಶಿ. ಇನ್ನೊಂದರ ಹೆಸರೂ ಶಾನ್‌ಶಿ! ಎರಡೂ ಅಕ್ಕಪಕ್ಕದಲ್ಲೇ ಇವೆ, ನಡುವೆ ಹಳದಿ ನದಿ. ಚೀನೀ ಮಾತಿನಲ್ಲಿ ದನಿ ಏರಿಸಿ ಇಳಿಸುವುದರಲ್ಲಷ್ಟೇ ವ್ಯತ್ಯಾಸ. ಇಂಗ್ಲಿಷಿನವರು ಒಂದಕ್ಕೆ ಇನ್ನೊಂದು ‘ಎ’ ಅಂಟಿಸಿ ಪಾರಾದರು. ಕನ್ನಡದಲ್ಲಿ ಆ ದಾರಿಯೂ ಇಲ್ಲ. ನಮ್ಮ ಪತ್ರಿಕೆಗಳು ‘ಶಾಂಕ್ಸಿ’ ಎಂದು ಬರೆದು ಗೊಂದಲವನ್ನು ಇನ್ನಷ್ಟು ಗಟ್ಟಿ ಮಾಡಿವೆ. ಇವತ್ತು ನಾನು ಮಾತಾಡುವುದು ನದಿಯ ಪೂರ್ವಕ್ಕಿರುವ ಶಾನ್‌ಶಿಯ ಬಗ್ಗೆ. ಇನ್ನೊಂದು ಬಂದರೆ ‘ಆಚೆ ದಡದ ಶಾನ್‌ಶಿ’ ಎನ್ನುತ್ತೇನೆ.

ಇನ್ನೂ ಒಂದು ಮಾತು. ನಾನು ಅಲ್ಲಿಗೆ ಹೋದವನಲ್ಲ. ನಕ್ಷೆ ಹರಡಿಕೊಂಡು ಕೂತು ನೋಡಿದವನು. ಹೋಗಿ ಬಂದವರು ಊಟದ ಬಗ್ಗೆ, ಹೋಟೆಲ್ ಬಗ್ಗೆ ಹೇಳುತ್ತಾರೆ. ನಾನು ಮಣ್ಣಿನ ಬಗ್ಗೆ ಹೇಳುತ್ತೇನೆ.

‘ಶಾನ್’ ಎಂದರೆ ಬೆಟ್ಟ. ‘ಶಿ’ ಎಂದರೆ ಪಡುವಣ. ಬೆಟ್ಟದ ಪಡುವಣ ಸೀಮೆ. ಯಾವ ಬೆಟ್ಟ ಅಂದರೆ ತೈಹಾಂಗ್ ಬೆಟ್ಟಸಾಲು. ಅದೇ ಸಾಲಿನ ಮೂಡಣಕ್ಕೆ, ಬಯಲು ದಾಟಿ ಕಡಲಿನ ಹತ್ತಿರ ಇರುವುದು ಶಾನ್‌ಡಾಂಗ್, ಅಂದರೆ ಬೆಟ್ಟದ ಮೂಡಣ ಸೀಮೆ.

ಈಗ ಒಂದು ಹಾಳೆ ತೆಗೆದುಕೊಳ್ಳಿ. ಉದ್ದುದ್ದಕ್ಕೆ ಒಂದು ಆಯತ ಬರೆಯಿರಿ. ಅದರ ತಲೆಯನ್ನು ಬಲಕ್ಕೆ ಸ್ವಲ್ಪ ತಳ್ಳಿ. ಓರೆ ಆಯಿತಲ್ವಾ? ಅದೇ ಶಾನ್‌ಶಿ. ಬಲ ಅಂಚಿಗೆ ತೈಹಾಂಗ್. ಎಡಕ್ಕೆ ಲೂಲ್ಯಾಂಗ್ ಬೆಟ್ಟಗಳು. ಅವುಗಳ ಆಚೆ, ಎಡ ಅಂಚಿನುದ್ದಕ್ಕೂ ಹಳದಿ ನದಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕೆಳಗಿನ ಮೂಲೆಯಲ್ಲಿ, ಫೆಂಗ್‌ಲಿಂಗ್‌ದು ಎಂಬಲ್ಲಿ, ಥಟ್ಟನೆ ಪೂರ್ವಕ್ಕೆ ತಿರುಗುತ್ತದೆ. ತಲೆಯ ಮೇಲೆ ಮಹಾಗೋಡೆ. ‘ಹೊರಗೆ ಹೊಳೆ, ಒಳಗೆ ಬೆಟ್ಟ’ ಎಂದು ಈ ಸೀಮೆಯ ಬಗ್ಗೆ ಬಹಳ ಹಳೆಯ ಮಾತಿದೆ. ಒಳಗಿದ್ದವನಿಗೆ ಕೋಟೆ. ಹೊರಗಿನಿಂದ ಬರುವವನಿಗೆ ತಲೆನೋವು.

ವಿಸ್ತಾರ ಸುಮಾರು 1,56,000 ಚದರ ಕಿಲೋಮೀಟರ್. ನಮ್ಮ ರಾಜ್ಯದ ಐದರಲ್ಲಿ ನಾಲ್ಕು ಪಾಲು ಅನ್ನಿ. 2020ರ ಜನಗಣತಿಯಲ್ಲಿ ಸುಮಾರು ಮೂರೂವರೆ ಕೋಟಿ ಜನ. ನೆಲದ ನೂರಕ್ಕೆ ಎಂಬತ್ತು ಪಾಲು ಬೆಟ್ಟ ಮತ್ತು ಗುಡ್ಡ. ಉಳಿದದ್ದೇ ಎರಡು ಬೆಟ್ಟಸಾಲಿನ ನಡುವಿನ ತಗ್ಗುಗಳು. ಮೇಲಿನಿಂದ ಕೆಳಕ್ಕೆ ದಾತೊಂಗ್, ಶಿನ್‌ಜೋ, ತೈಯುವಾನ್, ಲಿನ್‌ಫೆನ್, ಯುನ್‌ಚೆಂಗ್. ಬಟ್ಟಲುಗಳನ್ನು ಸಾಲಾಗಿ ಇಟ್ಟಹಾಗೆ. ನಡುವಿನ ಬಟ್ಟಲುಗಳನ್ನು ಪೋಣಿಸಿಕೊಂಡು ಫೆನ್ ನದಿ ಹರಿಯುತ್ತದೆ. ಉದ್ದ ಸುಮಾರು 700 ಕಿಲೋಮೀಟರ್. ಹೊಲ, ಊರು, ರಾಜಧಾನಿ, ಎಲ್ಲ ಇಲ್ಲೇ.

ಈ ಬಟ್ಟಲುಗಳು ಸುಮ್ನೆ ಆದದ್ದಲ್ಲ. ನೆಲ ಎರಡು ಕಡೆಗೆ ಜಗ್ಗಿಕೊಂಡು ನಡುವಿನ ಭಾಗ ಕುಸಿದು ಆದವು. ಆ ಜಗ್ಗಾಟ ಇನ್ನೂ ಮುಗಿದಿಲ್ಲ. 1303ರಲ್ಲಿ ಹೊಂಗ್‌ದೊಂಗ್ ಎಂಬಲ್ಲಿ ನಡೆದ ಭೂಕಂಪದ ಪ್ರಮಾಣ ಸುಮಾರು 8 ಎಂದು ಲೆಕ್ಕ ಹಾಕಿದ್ದಾರೆ. ಅಂದರೆ ಜನ ಇರಲು ಹಿತವಾದ ಜಾಗವೇ ನೆಲ ನಡುಗುವ ಜಾಗ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಮಣ್ಣಿಗೆ ಬರೋಣ. ನಿಜ ಹೇಳಬೇಕೆಂದರೆ ನಾನು ಬಂದದ್ದೇ ಇದನ್ನು ಹೇಳುವುದಕ್ಕೆ.

ನಮ್ಮ ಎರೆ ಮಣ್ಣು ಕೆಳಗಿನ ಕಲ್ಲು ಕರಗಿ ಆದದ್ದು. ಕಲ್ಲು ತಾಯಿ, ಮಣ್ಣು ಮಗು. ಶಾನ್‌ಶಿಯ ಹಳದಿ ಮಣ್ಣಿಗೂ ಅದರ ಕೆಳಗಿನ ಕಲ್ಲಿಗೂ ಸಂಬಂಧವೇ ಇಲ್ಲ. ಅದು ಬೇರೆ ಊರಿನದು. ವಾಯವ್ಯದ ಗೋಬಿ ಮತ್ತು ಅದರ ಆಚೀಚೆಯ ಮರುಭೂಮಿಗಳಿಂದ ಗಾಳಿಯಲ್ಲಿ ತೂರಿ ಬಂದ ದೂಳು. ಚೀನೀಯರು ಅದಕ್ಕೆ ‘ಹುವಾಂಗ್‌ತು’ ಎನ್ನುತ್ತಾರೆ, ಹಳದಿ ಮಣ್ಣು ಅಂತಲೇ ಅರ್ಥ. ನಮ್ಮ ಪಠ್ಯಪುಸ್ತಕದಲ್ಲಿ ಲೋಯೆಸ್. ಸುಮಾರು 26 ಲಕ್ಷ ವರ್ಷಗಳಿಂದ ಬೀಳುತ್ತಲೇ ಇದೆ. ಎಷ್ಟೋ ಕಡೆ 100ರಿಂದ 200 ಮೀಟರ್ ದಪ್ಪ ಕೂತಿದೆ. ಅಟ್ಟದ ಮೇಲಿನ ಪೆಟ್ಟಿಗೆಯ ದೂಳು ಒರೆಸದೇ ಬಿಟ್ಟರೆ ಏನಾಗುತ್ತದೆ ಗೊತ್ತಲ್ವಾ? 26 ಲಕ್ಷ ವರ್ಷ ಬಿಟ್ಟರೆ ಅದೇ ಒಂದು ಪ್ರಾಂತ್ಯ ಆಗುತ್ತದೆ.

ಇಷ್ಟು ದಪ್ಪದ ಮಣ್ಣನ್ನು ಗಾಳಿ ತಂದಿತು ಅಂದರೆ ಯಾರು ನಂಬುತ್ತಾರೆ? ನೀರು ತಂದದ್ದು ಅನ್ನುವ ವಾದವೂ ಇತ್ತು. 1868ರಿಂದ 1872ರವರೆಗೆ ಚೀನಾ ಸುತ್ತಿದ ಜರ್ಮನಿಯ ಭೂವಿಜ್ಞಾನಿ ಫರ್ಡಿನಾಂಡ್ ಫೋನ್ ರಿಚ್ಟೋಫೆನ್ ಇದು ಗಾಳಿಯದೇ ಕೆಲಸ ಎಂದು ವಾದಿಸಿದ. ‘ರೇಷ್ಮೆ ದಾರಿ’ ಎಂಬ ಹೆಸರನ್ನು ಚಾಲ್ತಿಗೆ ತಂದವನೂ ಇವನೇ. ಈ ಮನುಷ್ಯ ಇನ್ನೊಂದು ಸಲ ಬರುತ್ತಾನೆ, ಕಲ್ಲಿದ್ದಲಿನ ಮಾತಿಗೆ.

ಮುಂದೆ ಈ ಮಣ್ಣನ್ನು ಪುಸ್ತಕದಂತೆ ಓದಿದವರು ಚೀನಾದ ಭೂವಿಜ್ಞಾನಿ ಲಿಯು ದೊಂಗ್‌ಶೆಂಗ್. ಕಡಿದಾದ ಮಣ್ಣಿನ ಗೋಡೆಯಲ್ಲಿ ಹಳದಿ ಪಟ್ಟೆ, ಕೆಂಪು ಪಟ್ಟೆ, ಮತ್ತೆ ಹಳದಿ, ಮತ್ತೆ ಕೆಂಪು ಕಾಣುತ್ತದೆ. ಚಳಿ ಹೆಚ್ಚಿ ಒಣಗಾಳಿ ಬೀಸಿದ ಕಾಲದಲ್ಲಿ ದೂಳು ಜಾಸ್ತಿ ಬಿದ್ದು ಹಳದಿ. ಮಳೆಗಾಲ ಬಲವಾಗಿ, ಹುಲ್ಲು ಬೆಳೆದು, ಮಣ್ಣು ಮಾಗಿದ ಕಾಲದಲ್ಲಿ ಕೆಂಪು. ಹಿಮಯುಗಗಳು ಬಂದು ಹೋದದ್ದೆಲ್ಲ ಅಲ್ಲೇ ಬರೆದಿದೆ. 2002ರಲ್ಲಿ ಅವರಿಗೆ ಪರಿಸರ ವಿಜ್ಞಾನದ ಟೈಲರ್ ಪ್ರಶಸ್ತಿ ಬಂತು. ಹಳದಿ ಮಣ್ಣಿನ ಮೂರು ಪದರಗಳಿಗೆ ಮೂರು ಹೆಸರಿವೆ. ಅದರಲ್ಲಿ ಎರಡು, ವುಚೆಂಗ್ ಮತ್ತು ಲಿಶಿ, ಶಾನ್‌ಶಿಯದೇ ಊರುಗಳು.

ಈ ಮಣ್ಣಿನ ಗುಣ ಸ್ವಲ್ಪ ವಿಚಿತ್ರ. ಬೆರಳಲ್ಲಿ ಉಜ್ಜಿದರೆ ಹಿಟ್ಟು. ಆದರೆ ಸಲಿಕೆಯಿಂದ ಕಡಿದರೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಕಣಗಳಿಗೆ ಮೂಲೆಗಳಿವೆ, ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ನಡುವೆ ಸುಣ್ಣ ಅಂಟಿನಂತೆ ಹಿಡಿದಿರುತ್ತದೆ. ಒಣಗಿದ್ದಷ್ಟು ಹೊತ್ತು ಕೋಟೆ, ನೆನೆದರೆ ಗಂಜಿ. ಸುಣ್ಣ ಅಲ್ಲಲ್ಲಿ ಗಂಟುಗಟ್ಟಿ ಶುಂಠಿಯ ಆಕಾರದ ಉಂಡೆಗಳಾಗಿರುತ್ತದೆ. ಅಲ್ಲಿಯವರು ಅದನ್ನು ಶುಂಠಿಕಲ್ಲು ಎಂದೇ ಕರೆಯುತ್ತಾರೆ. ಹಳೆಯ ಗಾಡಿ ದಾರಿಗಳದ್ದು ಇನ್ನೊಂದು ತಮಾಷೆ. ಚಕ್ರ ಅರೆದ ಮಣ್ಣನ್ನು ಗಾಳಿ ಒಯ್ಯುತ್ತಾ, ಮಳೆ ತೊಳೆಯುತ್ತಾ, ದಾರಿ ನೆಲದೊಳಗೇ ಇಳಿದುಹೋಗಿದೆ. ಎರಡೂ ಕಡೆ ಮನೆಯೆತ್ತರದ ಮಣ್ಣಿನ ಗೋಡೆ, ಮೇಲೆ ಒಂದು ಪಟ್ಟಿ ಆಕಾಶ.

ವರ್ಷಕ್ಕೆ 400ರಿಂದ 650 ಮಿಲಿಮೀಟರ್ ಮಳೆ. ವಿಜಯಪುರದವರಿಗೆ ಇದೇನು ಹೊಸದಲ್ಲ. ಆದರೆ ಅದರಲ್ಲಿ ಹೆಚ್ಚಿನದು ಬೇಸಿಗೆಯ ಕೊನೆಗೆ, ಎರಡು ಮೂರು ತಿಂಗಳಲ್ಲಿ, ದಬದಬ ಸುರಿಯುತ್ತದೆ. ಅದು ಬಿದ್ದಾಗ ಹಿಟ್ಟಿನಂಥ ಮಣ್ಣು ಕೊಚ್ಚಿ ಹೋಗುತ್ತದೆ. ಹಾಗೆ ಕೊರೆದು ಉಳಿದ ನೆಲಕ್ಕೆ ಅಲ್ಲಿಯ ರೈತರು ಮೂರು ಹೆಸರು ಇಟ್ಟಿದ್ದಾರೆ. ಮೇಲೆ ಇನ್ನೂ ಸಪಾಟಾಗಿ ಉಳಿದಿದ್ದರೆ ‘ಯುವಾನ್’. ಕೊರಕಲುಗಳು ಎರಡು ಕಡೆಯಿಂದ ತಿಂದು ಉದ್ದ ದಿಣ್ಣೆ ಉಳಿದರೆ ‘ಲ್ಯಾಂಗ್’. ಆ ದಿಣ್ಣೆಯೂ ತುಂಡಾಗಿ ಗುಂಡಗೆ ಬೋಳುತಲೆಯಂತೆ ಉಳಿದರೆ ‘ಮಾವ್’. ಪ್ರಪಂಚದ ಭೂಗೋಳದವರು ಈ ಮೂರನ್ನೂ ಹಾಗೇ ಎತ್ತಿಕೊಂಡಿದ್ದಾರೆ. ರೈತನ ಮಾತು ವಿಜ್ಞಾನಿಯ ಬಾಯಿಗೆ ಹೋಗುವುದು ನನಗೆ ಯಾವಾಗಲೂ ಖುಷಿಯ ವಿಷಯ.

ಇಂಥ ಮಣ್ಣಿದ್ದರೆ ಮನೆ ಕಟ್ಟುವುದೇಕೆ, ಕೊರೆದರೆ ಆಯಿತಲ್ಲ? ಹಾಗೇ ಮಾಡಿದರು. ಗುಡ್ಡದ ಬದಿಯಲ್ಲಿ ಕಮಾನಿನ ಆಕಾರಕ್ಕೆ ಗವಿ ಕೊರೆದು, ಮುಂದೆ ಮರದ ಚೌಕಟ್ಟು, ಕಿಟಕಿಗೆ ಕಾಗದ. ಇದಕ್ಕೆ ‘ಯಾವ್‌ದೊಂಗ್’ ಎಂದು ಹೆಸರು. ಒಳಗೆ ‘ಕಾಂಗ್’ ಎಂಬ ಇಟ್ಟಿಗೆಯ ಮಂಚ. ಒಲೆಯ ಹೊಗೆ ಅದರ ಹೊಟ್ಟೆಯೊಳಗೆ ಸುತ್ತಿ ಹೊರಗೆ ಹೋಗುತ್ತದೆ. ಅಡುಗೆಯೂ ಆಯಿತು, ಹಾಸಿಗೆಯೂ ಬೆಚ್ಚಗಾಯಿತು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ ಇದ್ದರೂ ಒಳಗೆ ತಡೆಯುತ್ತದೆ, ಬೇಸಿಗೆಯಲ್ಲಿ ತಂಪು. ನಮ್ಮ ಬಯಲುಸೀಮೆಯ ಹಿರಿಯರಿಗೆ ಹಗೇವು ಗೊತ್ತು. ಜೋಳವನ್ನು ನೆಲದೊಳಗೆ ಇಟ್ಟರೆ ಕೆಡುವುದಿಲ್ಲ ಎಂಬ ತಿಳಿವಳಿಕೆ. ಅವರು ಜೋಳದ ಜಾಗದಲ್ಲಿ ತಾವೇ ಇಳಿದರು.

ತೆಂಕಣ ಮೂಲೆಯ ಪಿಂಗ್‌ಲು ಕಡೆಯ ಕೆಲವು ಊರುಗಳಲ್ಲಿ ಗುಡ್ಡವೇ ಇಲ್ಲ, ಸಪಾಟು ನೆಲ. ಅಲ್ಲಿ ಏನು ಮಾಡುತ್ತಾರೆ? ಮೊದಲು ಬಾವಿಯಂತೆ ಚೌಕಾಕಾರದ ದೊಡ್ಡ ಗುಂಡಿ ತೋಡುತ್ತಾರೆ. ಅದೇ ಅಂಗಳ. ಅದರ ನಾಲ್ಕು ಗೋಡೆಗಳಲ್ಲಿ ಕೋಣೆ ಕೊರೆಯುತ್ತಾರೆ. ದೂರದಿಂದ ನೋಡಿದರೆ ಹಳ್ಳಿಯೇ ಕಾಣಿಸುವುದಿಲ್ಲ. ಮರದ ತುದಿ ಕಾಣುತ್ತದೆ, ಹೊಗೆ ಕಾಣುತ್ತದೆ, ಹತ್ತಿರ ಹೋದರೆ ಕಾಲ ಕೆಳಗಿನಿಂದ ಕೋಳಿ ಕೂಗು ಕೇಳುತ್ತದೆ.

ಆಗ ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಕೇಳಿದರು: ‘ಕುಸಿದರೆ?’ ಕುಸಿದಿದೆ. 1556ರ ಜನವರಿ 23ರಂದು ಆಚೆ ದಡದ ಶಾನ್‌ಶಿಯಲ್ಲಿ ಹುಟ್ಟಿದ ಭೂಕಂಪ ಈಚೆ ದಡವನ್ನೂ ಬಿಡಲಿಲ್ಲ. ಸತ್ತವರು ಸುಮಾರು 8,30,000 ಎಂದು ಚೀನೀ ದಾಖಲೆಗಳು ಹೇಳುತ್ತವೆ. ಮನುಷ್ಯನಿಗೆ ಗೊತ್ತಿರುವ ಭೂಕಂಪಗಳಲ್ಲಿ ಇಷ್ಟು ಜನರನ್ನು ಕೊಂದದ್ದು ಇನ್ನೊಂದಿಲ್ಲ. ಚಳಿಗಾಲ, ಎಲ್ಲರೂ ಗವಿಮನೆಯ ಒಳಗೆ. ತಲೆಯ ಮೇಲಿನ ಗುಡ್ಡವೇ ಮನೆಯೊಳಗೆ ಬಂತು. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದಕ್ಕೇ.

ಗಾಳಿ ತಂದದ್ದನ್ನು ನೀರು ಒಯ್ಯುತ್ತದೆ. ಹಳದಿ ನದಿ ಹಳದಿ ಆಗುವುದು ಇಲ್ಲೇ, ಎರಡು ಶಾನ್‌ಶಿಗಳ ನಡುವಿನ ಕಣಿವೆಯಲ್ಲಿ. ಹುಟ್ಟುವಾಗ ಅದೂ ತಿಳಿನೀರೇ. ಇಪ್ಪತ್ತನೇ ಶತಮಾನದ ಮೊದಲ ಅರ್ಧದ ಲೆಕ್ಕ ತೆಗೆದರೆ ವರ್ಷಕ್ಕೆ ಸುಮಾರು 160 ಕೋಟಿ ಟನ್ ಹೂಳು. ಒಂದು ಮೀಟರ್ ಎತ್ತರ, ಒಂದು ಮೀಟರ್ ಅಗಲದ ಗೋಡೆ ಕಟ್ಟಿದರೆ ಭೂಮಿಗೆ ಇಪ್ಪತ್ತೇಳು ಸುತ್ತು ಎಂದು ಚೀನಾದ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ನಾನೂ ಕೂತು ಭಾಗಿಸಿ ನೋಡಿದೆ, ಹೆಚ್ಚು ಕಡಿಮೆ ಸರಿ ಬರುತ್ತದೆ.

ಈ ಕಣಿವೆಯಲ್ಲೇ ಹೂಕೋ ಜಲಪಾತ. ‘ಹೂ’ ಅಂದರೆ ಹೂಜಿ, ‘ಕೋ’ ಅಂದರೆ ಬಾಯಿ. ಹೂಜಿಯ ಬಾಯಿ! ಕನ್ನಡಿಗರು ಮರೆಯುವ ಹಾಗೇ ಇಲ್ಲ. ಸುಮಾರು 300 ಮೀಟರ್ ಅಗಲ ಬರುವ ನದಿ ಕೆಲವೇ ಹತ್ತು ಮೀಟರ್ ಅಗಲದ ಕಲ್ಲಿನ ಸೀಳಿಗೆ ಒಮ್ಮೆಲೇ ನುಗ್ಗುತ್ತದೆ. ಎತ್ತರ ಇಪ್ಪತ್ತು ಮೀಟರಿನಷ್ಟು, ಜೋಗದ ಮುಂದೆ ಕುಳ್ಳು. ಆದರೆ ಬೀಳುವುದು ನೀರಲ್ಲ, ಕೆಸರು. ಏಳುವ ತುಂತುರೂ ಹಳದಿ.

ಆ ಮಣ್ಣು ಎಲ್ಲಿ ಹೋಯಿತು? ತೈಹಾಂಗ್ ಬೆಟ್ಟದ ಆಚೆ ಇಳಿದು ಬಯಲಾಯಿತು. ಕೋಟಿಗಟ್ಟಲೆ ಜನ ಉಳುವ ಉತ್ತರ ಚೀನಾದ ಬಯಲಿನ ಬಹುಪಾಲು ಹೀಗೆ ಕದ್ದುತಂದ ನೆಲವೇ. ಶಾನ್‌ಶಿಯ ರೈತ ಬಡವನಾದಷ್ಟೂ ಕೆಳಗಿನವನ ಹೊಲ ದಪ್ಪವಾಯಿತು. ಜೊತೆಗೆ ಹೂಳಿನಿಂದ ನದಿಯ ತಳವೂ ಎದ್ದು ಅವನಿಗೆ ಪ್ರವಾಹವೂ ಬಂತು ಅನ್ನಿ.

ಮಣ್ಣು ತಡೆಯುವ ಪ್ರಯತ್ನಗಳದ್ದು ದೊಡ್ಡ ಕಥೆ, ಬೇಗ ಹೇಳುತ್ತೇನೆ. ಕೊರಕಲಿಗೆ ಅಡ್ಡ ಒಡ್ಡು ಹಾಕಿದರೆ ಹಿಂದೆ ಹೂಳು ತುಂಬಿ ಸಪಾಟು ಹೊಲವಾಗುತ್ತದೆ. ಇದು ಹಳೆಯ ಜಾಣತನ. ಮೆಟ್ಟಿಲು ಹೊಲಗಳಿಗೆ ಹೆಸರಾದದ್ದು ತೈಹಾಂಗ್ ಬೆಟ್ಟದ ದಾಜೈ ಎಂಬ ಹಳ್ಳಿ. 1964ರಲ್ಲಿ ಮಾವೋ ‘ಬೇಸಾಯದಲ್ಲಿ ದಾಜೈಯಿಂದ ಕಲಿಯಿರಿ’ ಎಂದದ್ದೇ ತಡ, ದೇಶವೆಲ್ಲ ಅದರ ನಕಲು ಮಾಡಿತು. ಮೆಟ್ಟಿಲು ಬೇಡವಾದ ಕಡೆಯೂ ಮೆಟ್ಟಿಲು ಕಡಿದರು. ಒಂದು ಗುಡ್ಡಕ್ಕೆ ಒಪ್ಪಿದ್ದು ಎಲ್ಲ ನೆಲಕ್ಕೂ ಒಪ್ಪುವುದಿಲ್ಲ ಎಂದು ಯಾವ ರೈತನೂ ಹೇಳಿಯಾನು, ಆದರೆ ಕೇಳುವವರು ಬೇಕಲ್ಲ. 1999ರಿಂದ ದಾರಿ ಬದಲಾಯಿತು. ಇಳಿಜಾರಿನಲ್ಲಿ ಉಳುವುದನ್ನು ಬಿಟ್ಟು ಗಿಡ ಹುಲ್ಲು ಬೆಳೆಸಿದರೆ ಸರ್ಕಾರ ಕಾಳು, ಹಣ ಕೊಡಲು ಶುರು ಮಾಡಿತು.

‘ಅಲ್ಲಿ ಏನು ಉಣ್ಣುತ್ತಾರೆ?’ ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಗೊತ್ತಿತ್ತು. ಗೋಧಿಯ ನೂಡಲ್ಸ್, ಅದರಲ್ಲೂ ಹಿಟ್ಟಿನ ಮುದ್ದೆಯಿಂದ ಚಾಕುವಿನಲ್ಲಿ ಹೆರೆದು ನೇರ ಕುದಿಯುವ ನೀರಿಗೆ ಹಾರಿಸುವುದು ಅಲ್ಲಿಯ ಹೆಮ್ಮೆ. ಆದರೆ ನನಗೆ ಮುಖ್ಯ ಅನಿಸುವುದು ಅದಕ್ಕಿಂತ ಹಳೆಯದು. ನವಣೆ.

ಹೌದು, ನಮ್ಮ ನವಣೆಯೇ. ಕಾಡುಹುಲ್ಲಾಗಿದ್ದ ನವಣೆಯನ್ನು ಮನುಷ್ಯ ಮೊದಲು ಒಗ್ಗಿಸಿಕೊಂಡದ್ದು ಉತ್ತರ ಚೀನಾದ ಈ ಹಳದಿ ಮಣ್ಣಿನ ಸೀಮೆಯಲ್ಲಿ. ತೈಹಾಂಗ್ ಬುಡದಲ್ಲಿ ಅಗೆದಾಗ ಸಾವಿರಾರು ವರ್ಷ ಹಳೆಯ ಧಾನ್ಯದ ಗುಂಡಿಗಳೇ ಸಿಕ್ಕಿವೆ. ಬರಗೂ ಅಲ್ಲಿಯದೇ. ಮಳೆ ಕಡಿಮೆ, ಬೇಸಿಗೆ ಚಿಕ್ಕದು, ಮಣ್ಣು ಹಗುರ. ನವಣೆಗೆ ಬೇಕಾದದ್ದೇ ಅದು. ಇವತ್ತಿಗೂ ಶಾನ್‌ಶಿಯ ಚಿನ್ ತಾಲೂಕಿನ ನವಣೆ ಚೀನಾದಲ್ಲಿ ಹೆಸರುವಾಸಿ. ಚೀನೀ ಭಾಷೆಯಲ್ಲಿ ನವಣೆ ಅಕ್ಕಿಗೆ ‘ಶಿಯೋಮಿ’ ಎನ್ನುತ್ತಾರೆ. ಹಾಗೆಂದಾಗ ಸಭೆಯಲ್ಲಿ ಮೂರ್ನಾಲ್ಕು ಜನ ಜೇಬಿನಿಂದ ಫೋನ್ ತೆಗೆದು ನೋಡಿಕೊಂಡರು. ಸರಿಯಾಗೇ ನೋಡಿದ್ದೀರಿ, ನಿಮ್ಮ ಜೇಬಿನಲ್ಲಿರುವುದು ನವಣೆ.

ಜೋಳವೂ ಶಾನ್‌ಶಿಯಲ್ಲಿ ಬೆಳೆಯುತ್ತದೆ. ರೊಟ್ಟಿಗಲ್ಲ, ಹೆಂಡಕ್ಕೆ ಮತ್ತು ವಿನೆಗರ್‌ಗೆ. ಫೆನ್‌ಯಾಂಗಿನ ಫೆನ್ ಮದ್ಯ, ಚಿಂಗ್‌ಶುವಿನ ಕಪ್ಪು ವಿನೆಗರ್ ಎರಡಕ್ಕೂ ಜೋಳವೇ ಆಧಾರ. ಆ ವಿನೆಗರ್ ಇಲ್ಲದೆ ಅಲ್ಲಿ ಊಟವೇ ಇಲ್ಲವಂತೆ. ನೀರಿನಲ್ಲಿ ಸುಣ್ಣ ಜಾಸ್ತಿ, ಅದಕ್ಕೇ ಹುಳಿ ಬೇಕು ಎಂದು ಜನ ವಿವರಣೆಯನ್ನೂ ಕೊಡುತ್ತಾರೆ. ಜೋಳ ಹುಟ್ಟಿದ್ದು ಆಫ್ರಿಕಾದಲ್ಲಿ. ಅದು ಭಾರತದ ಮೂಲಕ ಚೀನಾಕ್ಕೆ ಹೋಗಿರಬೇಕು ಎಂಬುದು ಒಂದು ಬಲವಾದ ಅಭಿಪ್ರಾಯ. ಹಾಗಿದ್ದರೆ ಲೆಕ್ಕ ಚುಕ್ತಾ. ಅವರು ನವಣೆ ಕೊಟ್ಟರು, ನಾವು ಜೋಳ ದಾಟಿಸಿದೆವು.

ಬೆಟ್ಟದ ಕಡೆ ಸ್ವಲ್ಪ ಹೋಗಿ ಬರೋಣ. ತೈಹಾಂಗ್ ಪಡುವಣದಿಂದ ನೋಡಿದರೆ ಸಾಧು, ಮೂಡಣದಿಂದ ನೋಡಿದರೆ ಗೋಡೆ. ನಮ್ಮ ಘಟ್ಟದ ಕನ್ನಡಿ ಪ್ರತಿಬಿಂಬ ಅನ್ನಬಹುದು. ಹತ್ತಿ ಇಳಿಯುವುದಕ್ಕೆ ಎಂಟು ಕಣಿವೆ ದಾರಿಗಳು ಎಂದು ಹಳೆಯ ಲೆಕ್ಕ. 1907ರಲ್ಲಿ ತೈಯುವಾನ್‌ಗೆ ರೈಲು ಬಂದಾಗ, ಬೆಟ್ಟದಲ್ಲಿ ದೊಡ್ಡ ಹಳಿ ಹಾಕುವ ಖರ್ಚಿಗೆ ಹೆದರಿ ಮೀಟರ್‌ಗೇಜ್ ಹಾಕಿದರು. ಬಯಲಿನ ರೈಲು ಬೆಟ್ಟಕ್ಕೆ ಬಾರದು, ಬೆಟ್ಟದ್ದು ಬಯಲಿಗೆ ಇಳಿಯದು. ಸರಕು ಇಳಿಸಿ ಏರಿಸುವ ಆ ಕಷ್ಟ ಗದಗ–ಸೊಲ್ಲಾಪುರ ಲೈನ್ ಕಂಡವರಿಗೆ ನಾನು ವಿವರಿಸಬೇಕಿಲ್ಲ.

ಸೊಲ್ಲಾಪುರ ಅಂದಮೇಲೆ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರನ್ನು ನೆನೆಯದೆ ಹೇಗೆ? ಅವರು ಆ ಊರಿನವರು. ಜಪಾನ್ ದಾಳಿಯ ಕಾಲದಲ್ಲಿ, 1938ರಲ್ಲಿ, ಭಾರತದಿಂದ ಹೋದ ಐವರು ವೈದ್ಯರಲ್ಲಿ ಒಬ್ಬರು. ಇದೇ ತೈಹಾಂಗ್ ಸೀಮೆಯಲ್ಲಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಾ 1942ರ ಡಿಸೆಂಬರಿನಲ್ಲಿ ತೀರಿಕೊಂಡರು. ವಯಸ್ಸು 32. ರೈಲು ಏರಲು ಹೆಣಗಿದ ಬೆಟ್ಟಗಳಲ್ಲಿ ಔಷಧಿ ಪೆಟ್ಟಿಗೆ ಹೊತ್ತು ನಡೆಯುವುದು ಅಂದರೆ ಏನು ಎಂದು ನಕ್ಷೆ ನೋಡುವಾಗಲೆಲ್ಲ ಅನ್ನಿಸುತ್ತದೆ.

ಉತ್ತರಕ್ಕೆ ವುತೈ, ಐದು ಚಪ್ಪಟೆ ನೆತ್ತಿಗಳ ಬೆಟ್ಟ. ಎತ್ತರದ ನೆತ್ತಿ 3,061 ಮೀಟರ್. ಬೌದ್ಧರಿಗೆ ಮಂಜುಶ್ರೀಯ ನೆಲೆ. ಇಲ್ಲಿಯ ನಾನ್‌ಚಾನ್ ಗುಡಿಯ ಮರದ ಮಂಟಪ 782ರದ್ದು, ಫೋಗುವಾಂಗ್ ಗುಡಿಯದು 857ರದ್ದು. ಮರ ಇಷ್ಟು ಕಾಲ ಹೇಗೆ ಬಾಳಿತು? ಒಣ ಹವೆ ಒಂದು ಕಾರಣ. ಯಾರೂ ಸುಲಭಕ್ಕೆ ಬರಲಾಗದ ಜಾಗ ಇನ್ನೊಂದು. 1937ರಲ್ಲಿ, ಹಳೆಯ ಕಟ್ಟಡಗಳ ಅಧ್ಯಯನ ಮಾಡುತ್ತಿದ್ದ ಲಿಯಾಂಗ್ ಸಿಚೆಂಗ್, ಲಿನ್ ಹುಯಿಯಿನ್ ದಂಪತಿ ಹೇಸರಗತ್ತೆ ಏರಿ ಹೋಗಿ ಫೋಗುವಾಂಗನ್ನು ಗುರುತಿಸಿದರು. ತೊಲೆಯ ಮೇಲಿನ ಮಾಸಿದ ಬರಹ ಓದಿದ್ದು ಲಿನ್ ಅವರ ಕಣ್ಣು.

ಇನ್ನು ಕಲ್ಲಿದ್ದಲು. ಹಳದಿ ಮಣ್ಣಿನ ಕೆಳಗೆ ಕಪ್ಪು. ನಮ್ಮ ರಿಚ್ಟೋಫೆನ್ ಇದನ್ನು ನೋಡಿ, ಜಗತ್ತಿಗೇ ಸಾವಿರಾರು ವರ್ಷ ಸಾಕಾಗುವಷ್ಟಿದೆ ಎಂದು ಯೂರೋಪಿಗೆ ಬರೆದ. ಲೆಕ್ಕ ಉತ್ಪ್ರೇಕ್ಷೆ, ಆದರೆ ವಿದೇಶಿ ಕಂಪನಿಗಳ ಬಾಯಲ್ಲಿ ನೀರೂರಲು ಸಾಕಾಯಿತು. 2023ರಲ್ಲಿ ಶಾನ್‌ಶಿ ಒಂದೇ 130 ಕೋಟಿ ಟನ್‌ಗೂ ಹೆಚ್ಚು ಕಲ್ಲಿದ್ದಲು ಅಗೆದಿದೆ. ಆ ಹೊತ್ತಿಗೆ ಇಡೀ ಭಾರತದ್ದು 100 ಕೋಟಿ ಟನ್ ಆಸುಪಾಸು. ದಾತೊಂಗ್‌ನಿಂದ ಕಡಲ ದಂಡೆಯ ಚಿನ್‌ಹುವಾಂಗ್‌ದಾವ್ ತನಕ 653 ಕಿಲೋಮೀಟರ್ ರೈಲುದಾರಿ ಇರುವುದೇ ಕಲ್ಲಿದ್ದಲಿಗಾಗಿ. ಒಂದೊಂದು ರೈಲು ಎರಡೂವರೆ ಕಿಲೋಮೀಟರ್ ಉದ್ದ, ಹೊರೆ 20,000 ಟನ್. ಮೊದಲು ಹೊಳೆ ಮಣ್ಣು ಒಯ್ಯುತ್ತಿತ್ತು, ಈಗ ರೈಲು ಕಲ್ಲು ಒಯ್ಯುತ್ತದೆ.

ಅದೇ ದಾತೊಂಗ್ ಪಕ್ಕದಲ್ಲಿ ಯುನ್‌ಗಾಂಗ್ ಗುಹೆಗಳು. 460ರ ದಶಕದಲ್ಲಿ ಶುರುವಾದ ಕೆತ್ತನೆ, 51,000 ಮೂರ್ತಿಗಳು. ಕಲ್ಲಿದ್ದಲು ಲಾರಿಗಳ ಹೆದ್ದಾರಿ ಅವುಗಳ ಮುಂದೆಯೇ ಹಾದುಹೋಗಿ ಬುದ್ಧನ ಹೆಗಲ ಮೇಲೆಲ್ಲ ಕರಿ ದೂಳು. 1998ರಲ್ಲಿ ಆ ರಸ್ತೆಯನ್ನು ಬೇರೆ ಕಡೆ ತಿರುಗಿಸಿದರು. ನೆಲದಡಿಯ ನೀರಿನ ಗತಿಯೂ ಹಾಗೇ. ಗಣಿಗಳು ಅಂತರ್ಜಲ ಬಸಿದವು, ಬೋರ್‌ಗಳು ಉಳಿದದ್ದನ್ನು ಎಳೆದವು. ತೈಯುವಾನ್ ಹತ್ತಿರದ ಜಿನ್‌ಸಿ ಗುಡಿಯಲ್ಲಿ ತಲೆತಲಾಂತರದಿಂದ ಉಕ್ಕುತ್ತಿದ್ದ ಚಿಲುಮೆ 1994ರಲ್ಲಿ ನಿಂತೇಹೋಯಿತು. ಅದರ ಹೆಸರು ‘ಎಂದೂ ಮುಪ್ಪಾಗದ ಚಿಲುಮೆ’. 2023ರಲ್ಲಿ ಮತ್ತೆ ಜಿನುಗಿತು ಎಂದು ಅಲ್ಲಿಯ ಪತ್ರಿಕೆಗಳು ಬರೆದವು.

ಕೊನೆಗೆ ಒಬ್ಬ ಹುಡುಗ ಕೈ ಎತ್ತಿದ. ಈಗಲೂ ಅಷ್ಟೇ ಮಣ್ಣು ಹೋಗುತ್ತದಾ ಸರ್ ಅಂದ. ಇಲ್ಲ. 2000ದ ನಂತರದ ಸರಾಸರಿ ವರ್ಷಕ್ಕೆ 30 ಕೋಟಿ ಟನ್ ಕೂಡ ಇಲ್ಲ. ಗಿಡ, ಮೆಟ್ಟಿಲು ಹೊಲ, ಒಡ್ಡು, ದೊಡ್ಡ ಅಣೆಕಟ್ಟು, ಎಲ್ಲ ಸೇರಿ ತಡೆದಿವೆ. ಮಳೆಗಾಲ ಬಿಟ್ಟರೆ ಎಷ್ಟೋ ಕಡೆ ನೀರು ಹಸಿರಾಗಿ ಕಾಣುತ್ತದೆ. ‘ಹಾಗಾದರೆ ಹಳದಿ ನದಿ ಅನ್ನೋದು ಯಾಕೆ?’ ಎಂದು ಅವನ ಮುಂದಿನ ಪ್ರಶ್ನೆ.

ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಚೀನಾದ ಬಹಳ ಹಳೆಯ ಬರಹಗಳಲ್ಲಿ ಅದರ ಹೆಸರು ಬರೀ ‘ಹೋ’, ಅಂದರೆ ಹೊಳೆ. ‘ಹಳದಿ’ ಎಂಬ ಮಾತು ಅಂಟಿಕೊಂಡದ್ದು ಆಮೇಲೆ, ಹಾನ್ ದೊರೆಗಳ ಕಾಲಕ್ಕೆ. ಅಷ್ಟರಲ್ಲಿ ಮೇಲಿನ ಗುಡ್ಡಗಳ ಹುಲ್ಲು ಕಿತ್ತು ಉಳುವುದು ಜೋರಾಗಿತ್ತು.